ಲಾಲ್ಯಾನನ್ನು ಚಿಂಚೋಳಿಗೆ ಒಯ್ದದ್ದು

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು ನಾನು. ಈ ಮಾತನ್ನು ನನ್ನ ಹೆಂಡತಿ ಪ್ರಮಿತಾ ಮುಖದ ಮೇಲೇ ಹೇಳುತ್ತಿದ್ದಳು, ಸೇಡಂನ ನನ್ನ ಶಾಲೆಯವರು ಬೆನ್ನ ಹಿಂದೆ ಹೇಳುತ್ತಿದ್ದರು. ನನಗೇನೂ ಅನ್ನಿಸುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ವಿಜ್ಞಾನ ಪಾಠ ಹೇಳಿದವನು, ಗೊತ್ತಿದ್ದೇ ಹೇಳುತ್ತೇನೆ, ಹೇಳಿದ ಮೇಲೆ ಬದಲಿಸುವುದಿಲ್ಲ ಎಂಬ ಸೊಕ್ಕು. ಆ ಸೊಕ್ಕು ಏನು ಮಾಡಿತು ಎಂಬುದನ್ನು ಇವತ್ತು ಬರೆದು ಮುಗಿಸಿಬಿಡುತ್ತೇನೆ. ಯಾರೂ ಕೇಳಿಲ್ಲ, ಆದರೂ ಬರೆಯುತ್ತೇನೆ.

ನನ್ನ ತಂಗಿ ಹರಿಪ್ರಿಯಾಳ ಗಂಡ ಜಯತೀರ್ಥ ಶಹಾಬಾದಿನಲ್ಲಿ ಸರಕಾರಿ ಗುಮಾಸ್ತ. ತೊಂಬತ್ತೇಳರ ಮೇ ತಿಂಗಳಲ್ಲಿ, ಮೂವತ್ತೆಂಟನೇ ವಯಸ್ಸಿಗೆ, ಎದೆ ಹಿಡಿದುಕೊಂಡು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅನುಕಂಪದ ಮೇಲೆ ಹರಿಗೆ ಚಿಂಚೋಳಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಂಕ್ರಮಣ ಮುಗಿದ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಅಲ್ಲಿಗೆ ಹೋದಳು. ಸಿಕ್ಕ ಬಾಡಿಗೆ ಕೋಣೆಯ ಮಾಲಕರು ನಾಯಿ ನಡೆಯುವುದಿಲ್ಲ ಅಂದದ್ದಕ್ಕೆ ಲಾಲ್ಯಾ ಶಹಾಬಾದಿನಲ್ಲೇ ಉಳಿಯಿತು.

ಲಾಲ್ಯಾ ಜಯತೀರ್ಥನ ನಾಯಿ. ಭಂಕೂರಿನ ಕಡೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಮರಿ ಇದ್ದಾಗ ಸಿಕ್ಕದ್ದನ್ನು ಅಂಗಿಯೊಳಗೆ ಹಾಕಿಕೊಂಡು ತಂದಿದ್ದ. ಕೆಂಪು ಬಣ್ಣ, ಮುರಿದ ಕಿವಿ, ಯಾವ ಚೆಲುವೂ ಇಲ್ಲದ ಬೀದಿ ನಾಯಿ. ಜಯತೀರ್ಥನ ಸ್ಕೂಟರ್ ಸದ್ದು ಓಣಿಯ ತುದಿಗೆ ಬರುವ ಮೊದಲೇ ಎದ್ದು ನಿಲ್ಲುತ್ತಿತ್ತು. ಅವನು ತೀರಿಹೋದ ಮೇಲೂ ಐದೂವರೆಗೆ ಎದ್ದು ನಿಲ್ಲುವುದನ್ನು ಬಿಡಲಿಲ್ಲ. ಹರಿ ಹೋದ ಮೇಲೆ ಪಕ್ಕದ ಮನೆಯ ಹಸೀನಾಬೇಗಂ ಅದಕ್ಕೆ ಹೊರಗಡೆ ರೊಟ್ಟಿ ಹಾಕುತ್ತಿದ್ದಳು. ನಾಯಿಯನ್ನು ಮುಟ್ಟುವುದು ಅವರಲ್ಲೂ ಇಲ್ಲ, ನಮ್ಮಲ್ಲಂತೂ ಮಡಿ ಎದ್ದು ಓಡುತ್ತದೆ. ಆದರೂ ಎರಡು ಮನೆಯ ಅನ್ನ ತಿಂದು ಅದು ಬದುಕಿಕೊಂಡಿತ್ತು.

ತೊಂಬತ್ತೆಂಟರ ಮೇ ತಿಂಗಳ ಎರಡನೇ ವಾರ ನಮ್ಮ ಪಕ್ಕದ ಅಂಗಡಿಗೆ ಹರಿಯ ಫೋನು ಬಂತು. ಒಂದು ವರ್ಷದಲ್ಲಿ ಅವಳು ನನಗೆ ಏನೂ ಕೇಳಿರಲಿಲ್ಲ.

"ಅಣ್ಣಾ, ಬ್ಯಾರೆ ಮನಿ ಸಿಕ್ಕದ. ಅಂಗಳ ಅದ. ಲಾಲ್ಯಾನ್ನ ತಂದುಬಿಡು."

"ಈ ಬಿಸಿಲಾಗ? ಮಳಿ ಬೀಳಲಿ, ತರ್ತೀನಿ."

ಆಗ ಹೇಳಿದಳು. ಜಯತೀರ್ಥ ತೀರಿಹೋದ ದಿನ ಅವಳು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು, ಅವನು ಕೆಳಗೆ ಮಲಗಿದ್ದ. ಲಾಲ್ಯಾ ಮೆಟ್ಟಿಲು ಹತ್ತಿ ಬಂದು ಒದರತೊಡಗಿತು. ಸಂಡಿಗೆಗೆ ಬಾಯಿ ಹಾಕೀತೆಂದು ಬೈದು ಅಟ್ಟಿದಳು. ಮತ್ತೆ ಬಂತು, ಸೆರಗು ಹಿಡಿದು ಎಳೆಯಿತು. ಮೈಲಿಗೆಯಾಯಿತೆಂದು ಸಿಟ್ಟು ಬಂದು ಕೋಲಿನಿಂದ ಹೊಡೆದಳು. ಮೂರನೇ ಸಲ ಬಂದಾಗ ಕಲ್ಲು ಎತ್ತಿ ಒಗೆದಳು. ಕಾಲಿಗೆ ಬಿತ್ತು. ಕುಂಟುತ್ತ ಇಳಿದು ಹೋಯಿತು. ತಾಸಿನ ಮೇಲೆ ಕೆಳಗೆ ಬಂದರೆ ಜಯತೀರ್ಥ ಬಾಗಿಲ ಹತ್ತಿರ ಬೋರಲು ಬಿದ್ದಿದ್ದ, ನಾಯಿ ಅವನ ಪಕ್ಕ ಕೂತಿತ್ತು. ಅರ್ಧ ತಾಸು ಮೊದಲು ತಂದಿದ್ದರೆ ಎಂದು ಡಾಕ್ಟರರು ಅಂದರಂತೆ.

"ಅದು ನನ್ನ ಕರೀಲಿಕ್ಕ ಬಂದಿತ್ತಣ್ಣಾ. ನಾ ಕಲ್ಲು ಒಗದೆ. ಈ ಮಾತು ಯಾರ ಮುಂದೂ ಹೇಳಿಲ್ಲ. ಅದಕ್ಕ ಒಂದಿನರೆ ನನ್ನ ಕೈಯಾರೆ ಉಣಸಬೇಕು. ಇಲ್ಲಂದ್ರ ನಾ ಹುಚ್ಚಿ ಆಗ್ತೀನಿ."

"ಸೋಮವಾರ ಮಧ್ಯಾಹ್ನ ಎರಡು ಗಂಟಿಗೆ ಲಾಲ್ಯಾ ನಿನ್ನ ಬಾಗಿಲದಾಗ ಇರ್ತದ" ಅಂದೆ. ಅರ್ಧ ದಿನ ರಜೆ ಹಾಕಿ ಕಾಯುತ್ತೇನೆ ಅಂದಳು. ಮಾತು ಕೊಟ್ಟಾಯಿತು. ಧೀರೇಂದ್ರ ಮಾಸ್ತರ ಹೇಳಿದ ಹೊತ್ತಿಗೆ ತಪ್ಪಿದವನಲ್ಲ ಎಂದು ಊರೇ ಹೇಳುತ್ತದಲ್ಲ, ಆ ಹೆಸರು ಬೇರೆ ಇತ್ತು.

ಸೋಮವಾರ ಸೇಡಂನಿಂದ ನಸುಕಿನ ಪ್ಯಾಸೆಂಜರ್ ಹತ್ತಿದೆ. ಬೆಳಗಿನ ತಂಪಿನಲ್ಲೇ ಶಹಾಬಾದಿನಿಂದ ಹೊರಡುವ ಲೆಕ್ಕ ನನ್ನದು. ಗಾಡಿ ವಾಡಿಯಲ್ಲಿ ಎರಡೂವರೆ ತಾಸು ನಿಂತುಬಿಟ್ಟಿತು. ಶಹಾಬಾದಿನಲ್ಲಿ ಇಳಿಯುವಾಗ ಹತ್ತೂವರೆ. ಹಸೀನಾಬೇಗಂಳ ಗಂಡ ಗುಲಾಮ್ ರಸೂಲ್ ತನ್ನ ಹಳೆಯ ಅಂಬಾಸಿಡರ್ ತೊಳೆದು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬಾಡಿಗೆಗೆ ಓಡಿಸುವ ಗಾಡಿ. ಈ ಭಾಗದ ಒಂದೊಂದು ಹೊಂಡವೂ ಅವರಿಗೆ ಪರಿಚಯ.

"ಹೊತ್ತಾಯ್ತಲ್ರಿ ಮಾಸ್ತರ್ರೆ. ಈಗ ಬ್ಯಾಡ್ರಿ. ಸಂಜಿ ಐದಕ್ಕ ಬಿಡೋಣು, ಎಂಟರ ಸುಮಾರು ಮುಟ್ಟಸ್ತೀನಿ. ಮೂಕ ಜೀವ ಅದ."

"ತಂಗಿ ಎರಡಕ್ಕ ಬಾಗಲದಾಗ ನಿಂದರ್ತಾಳ, ರಸೂಲಭಾಯಿ. ನಾ ಮಾತು ಕೊಟ್ಟೀನಿ. ನೀವು ಗಾಡಿ ಹೊಡೀರಿ, ನಾಯಿಗಿ ತಂಪು ಮಾಡೋದು ನನಗ ಬಿಡ್ರಿ."

ನನಗೆ ಬಿಟ್ಟರು. ಅಲ್ಲೇ ಕೆಟ್ಟದ್ದು.

ನಮ್ಮ ಕಡೆ ಬೇಸಿಗೆ ಕಳೆಯುವ ರೀತಿ ಬೇರೆಯವರಿಗೆ ಗೊತ್ತಿಲ್ಲ. ಹನ್ನೊಂದಾಯಿತೆಂದರೆ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಚಿಲಕ ಹಾಕುತ್ತೇವೆ. ಹೊರಗೆ ಬೀಸುವುದು ಗಾಳಿಯಲ್ಲ, ಝಳ. ನಮ್ಮವ್ವ ಪದ್ಮಾಬಾಯಿ ಕಿಟಕಿಗೆ ಒದ್ದೆ ಗೋಣಿ ಚೀಲ ಇಳಿಬಿಡುತ್ತಿದ್ದಳು, ನಡುಮನೆಯ ಫರ್ಸಿಗೆ ನೀರು ಚಿಮುಕಿಸುತ್ತಿದ್ದಳು. ಒಳಗೆ ಕತ್ತಲು, ತಂಪು. ಮಧ್ಯಾಹ್ನ ಯಾವನಾದರೂ ಕಿಟಕಿ ತೆಗೆದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಹಂಗೇ ಬೆಳೆದವನು ನಾನು. ಆ ತಂಪು ಎರಡು ಮೊಳ ದಪ್ಪದ ಕಲ್ಲಿನ ಗೋಡೆಯದು, ಗೋಣಿಯದಲ್ಲ ಎಂದು ಯೋಚಿಸಲೇ ಇಲ್ಲ. ಕಾರಿಗೆ ಇರುವುದು ತಗಡಿನ ಗೋಡೆ.

ಹಸೀನಾಬೇಗಂ ಕಡೆ ನಾಲ್ಕು ಗೋಣಿ ಚೀಲ ಇಸಿದುಕೊಂಡೆ. ನೀರಲ್ಲಿ ಅದ್ದಿ ಹಿಂದಿನ ಎರಡೂ ಕಿಟಕಿಗೆ, ಹಿಂದಿನ ದೊಡ್ಡ ಗ್ಲಾಸಿಗೆ ಒಳಗಿನಿಂದ ಸಿಕ್ಕಿಸಿದೆ. ಗ್ಲಾಸು ಪೂರ್ತಿ ಏರಿಸಿದೆ. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ನನ್ನ ಧೋತರ ಒದ್ದೆ ಮಾಡಿ ಪರದೆಯ ಹಾಗೆ ಕಟ್ಟಿದೆ. ಲಾಲ್ಯಾನನ್ನು ಹಿಂದೆ ಕಾಲಿಡುವ ಜಾಗದಲ್ಲಿ ಮಲಗಿಸಿ, ಜಿಗಿಯಬಾರದೆಂದು ಗಿಡ್ಡ ಹಗ್ಗದಿಂದ ಕಟ್ಟಿ, ಮೈಮೇಲೆ ನಾಲ್ಕನೇ ಗೋಣಿ ಹೊದಿಸಿದೆ. ಅದು ಒಂದು ಸಲ ಮುಖ ಎತ್ತಿ ನನ್ನ ಕೈ ನೆಕ್ಕಿತು. ನಮ್ಮವ್ವನ ನಡುಮನೆಯನ್ನೇ ಕಾರಿನಲ್ಲಿ ಕಟ್ಟಿದೆನೆಂದು ಹೆಮ್ಮೆಯಾಯಿತು.

"ಒಂದು ಗ್ಲಾಸರೆ ಇಳಸ್ರಿ ಮಾಸ್ತರ್ರೆ" ಅಂದರು ರಸೂಲಭಾಯಿ.

"ಝಳ ಹೊಕ್ಕು ಗೋಣಿ ಒಣಗ್ತಾವ. ನಿಮಗ ತಿಳ್ಯಂಗಿಲ್ಲ, ನಡೀರಿ."

ಅವರು ತಮ್ಮ ಕಡೆಯ ಗ್ಲಾಸನ್ನು ನಾಲ್ಕು ಬೆರಳು ಇಳಿಸಿಕೊಂಡು ಗಾಡಿ ಬಿಟ್ಟರು. ನಾನು ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಮುಖಕ್ಕೆ ಆ ಗಾಳಿ ಹಾಯಿಸಿಕೊಂಡು ಮುಂದೆ ಕೂತಿದ್ದೆ.

ವಾಡಿ ದಾಟುವವರೆಗೆ ಲಾಲ್ಯಾ ಸುಮ್ಮನಿತ್ತು. ಸಿಮೆಂಟಿನ ಬೂದಿ ಹಾರುವ ರಸ್ತೆ ಬಿಟ್ಟು ಚಿತ್ತಾಪುರದ ದಾರಿ ಹಿಡಿದಾಗ ಕುಂಯ್‌ಗುಡಲು ಶುರುಮಾಡಿತು. ಆಮೇಲೆ ಒದರಿತು. ಬಾಗಿಲನ್ನು ಕೆರೆಯುವ ಸದ್ದು ಕೇಳಿಸಿತು.

"ಶಹಾಬಾದ ಬಿಟ್ಟು ಹೊಂಟೀನಂತ ಅದರ ಹೊಟ್ಟ್ಯಾಗ ಸಂಕಟ" ಅಂದೆ ನಾನು.

"ಧೋತರ ಸರಿಸಿ ಒಂದಿಟು ನೋಡ್ರಿ."

"ನೋಡಿದ್ರ ಇನ್ನೂ ಹಟ ಮಾಡ್ತದ. ಸಾಲ್ಯಾಗ ಹುಡುಗರನ ನೋಡಿಲ್ಲೇನು ನಾನು?" ಎಂದು ಹಿಂದಕ್ಕೆ ತಿರುಗಿ, ಪರದೆಯ ಈಚೆಯಿಂದಲೇ ಗದರಿಸಿದೆ. "ಏ ಲಾಲ್ಯಾ! ಸುಮ್ಮಕ ಬೀಳು!"

ಸುಮ್ಮನಾಯಿತು. ಮಾಸ್ತರನ ಗದರಿಕೆಗೆ ನಾಯಿಯೂ ಹೆದರುತ್ತದೆ ಎಂದು ನಾನು ನಕ್ಕೆ. ರಸೂಲಭಾಯಿ ನಗಲಿಲ್ಲ.

ಚಿತ್ತಾಪುರದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಒಂದು ಗೂಡ್ಸು ಹೋಯಿತು, ಗೇಟು ತೆಗೆಯಲಿಲ್ಲ, ಇನ್ನೊಂದಕ್ಕೆ ಕಾಯಬೇಕಂತೆ. ಹನ್ನೆರಡು ಹೊಡೆದಿತ್ತು. ಕಾರಿನ ಮುಂದಿನ ಬಾನೆಟ್ಟು ಹಂಚಿನ ಹಾಗೆ ಕಾಯ್ದಿತ್ತು. ನಾವಿಬ್ಬರೂ ಇಳಿದು ಬೇವಿನ ಗಿಡದ ಬುಡಕ್ಕೆ ಹೋದೆವು. ನೆರಳಿಗೆ. ನಾವು ನೆರಳಿಗೆ ಹೋದೆವು.

"ಅದನ್ನೂ ಬಿಚ್ಚಿ ತರ್ಲೇನ್ರಿ?" ರಸೂಲಭಾಯಿ ಕೇಳಿದರು. ಅವರು ನಮಾಜಿ ಮನುಷ್ಯ. ನಾಯಿಯ ಜೊಲ್ಲು ತಾಗಿದರೆ ತೊಳೆದುಕೊಂಡು ಬಟ್ಟೆ ಬದಲಿಸುವ ತನಕ ನಮಾಜಿನ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಆದರೂ ಕೇಳಿದರು.

"ಮಕ್ಕೊಂಡದ. ಎಬ್ಬಸಬ್ಯಾಡ್ರಿ. ಗಾಡಿಯೊಳಗ ನಮಗಿಂತ ತಂಪದ ಅದಕ್ಕ."

ಮೂವತ್ತೈದು ನಿಮಿಷ ನಿಂತೆವು. ನಾನು ಗಡಿಯಾರ ನೋಡುತ್ತ ನಿಂತಿದ್ದೆ, ಎರಡು ಗಂಟೆಗೆ ಮುಟ್ಟುತ್ತೇವೋ ಇಲ್ಲವೋ ಎಂದು. ಈಗ ಆ ಗಡಿಯಾರವನ್ನು ಕಟ್ಟುವುದಿಲ್ಲ.

ಗೇಟು ದಾಟಿ ಸೇಡಂ ದಾರಿಯಲ್ಲಿ ಏಳೆಂಟು ಮೈಲು ಹೋದ ಮೇಲೆ ಗೋಣಿ ಒಣಗಿರಬಹುದು, ಮತ್ತೆ ನೀರು ಹಾಕೋಣವೆಂದು ಗಾಡಿ ನಿಲ್ಲಿಸಲು ಹೇಳಿದೆ. ಕಾಲ ಹತ್ತಿರ ಇಟ್ಟುಕೊಂಡಿದ್ದ ನೀರಿನ ಕೊಡಪಾನ ಹಿಡಿದು ಹಿಂದಿನ ಬಾಗಿಲು ತೆಗೆದೆ. ಒಲೆಯ ಮೇಲಿನ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವಂಥ ಹಬೆ ಮುಖಕ್ಕೆ ಬಡಿಯಿತು. ಗೋಣಿ ಯಾವುದೂ ಒಣಗಿರಲಿಲ್ಲ. ಎಲ್ಲ ಬಿಸಿಯಾಗಿ, ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿದ್ದವು.

ನೀರಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿದರೆ ಯಾಕೆ ತಂಪಾಗುತ್ತದೆ ಎಂದು ಪ್ರತಿವರ್ಷ ಎಂಟನೇ ತರಗತಿಗೆ ಕೇಳುತ್ತೇನೆ. ನೀರು ಆವಿಯಾಗಿ ಹೋಗುವಾಗ ಶಾಖವನ್ನು ಒಯ್ಯುತ್ತದೆ ಸರ್, ಅದಕ್ಕೆ ಗಾಳಿ ಆಡಬೇಕು ಸರ್ ಎಂದು ಕೊನೆಯ ಬೆಂಚಿನವನೂ ಹೇಳುತ್ತಾನೆ. ಹೇಳದವನನ್ನು ನಾನು ನಿಲ್ಲಿಸುತ್ತೇನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನ ಹತ್ತಿರ ಆ ಒಕ್ಕಾಲೂ ಇರಲಿಲ್ಲ ಅವತ್ತು.

ಲಾಲ್ಯಾ ಪಕ್ಕಕ್ಕೆ ಬಿದ್ದಿತ್ತು. ನಾಲಿಗೆ ಹೊರಗೆ ಉದ್ದಕ್ಕೆ ಬಂದು ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯ ತುಂಬ ಅಂಟು ನೊರೆ. ಬಾಗಿಲ ಒಳಗಿನ ರೆಕ್ಸಿನ್ನು ಕೆರೆದು ಹರಿದು, ಅದರ ಮುಂಗಾಲ ಉಗುರಿನಲ್ಲಿ ರಕ್ತ ಇತ್ತು. ಇನ್ನೂ ಉಸಿರಿತ್ತು. ಹೊಟ್ಟೆ ಸಣ್ಣಗೆ, ಬೇಗ ಬೇಗ ಏಳುತ್ತಿತ್ತು.

ನಾನು ಕೊಡಪಾನ ಹಿಡಿದು ಹಾಗೇ ನಿಂತೆ. ರಸೂಲಭಾಯಿ ನನ್ನನ್ನು ಪಕ್ಕಕ್ಕೆ ತಳ್ಳಿ, ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ಅದನ್ನು ಎತ್ತಿ ಜಾಲಿಯ ನೆರಳಿಗೆ ಒಯ್ದರು. ತಮ್ಮ ಕುಡಿಯುವ ಬಾಟಲಿಯ ನೀರನ್ನು ಹೊಟ್ಟೆಗೆ, ಪಾದಕ್ಕೆ ಸುರಿದರು. ಟವೆಲ್ಲಿನಿಂದ ಬೀಸಿದರು. ಬೆರಳು ಹಾಕಿ ಬಾಯೊಳಗಿನ ನೊರೆ ತೆಗೆದರು. ನೊರೆ ಅವರ ಬಿಳಿ ಅಂಗಿಗೆಲ್ಲ ಹತ್ತಿತು.

"ಬೀಸ್ರಿ ಮಾಸ್ತರ್ರೆ, ಬೀಸ್ರಿ! ಯಾಕ ನಿಂತೀರಿ?"

ಬೀಸಿದೆ. ಲಾಲ್ಯಾ ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಕಾಲು ಎರಡು ಸಲ ಝಾಡಿಸಿತು. ಹೊಟ್ಟೆ ಏಳುವುದು ನಿಂತಿತು. ನಾನು ಬೀಸುತ್ತಲೇ ಇದ್ದೆ. ರಸೂಲಭಾಯಿ ಟವೆಲ್ಲು ಕಸಿದುಕೊಂಡು ಅದರ ಮುಖದ ಮೇಲೆ ಹಾಕಿದರು.

ರಸ್ತೆಯ ಪಕ್ಕದಲ್ಲಿ ಕೂತು ಅತ್ತೆ. ಅಪ್ಪ ಸತ್ತಾಗಲೂ, ಜಯತೀರ್ಥನನ್ನು ಕಳಿಸುವಾಗಲೂ ಗಂಡಸಿನ ಹಾಗೆ ನಿಂತವನು, ಅವತ್ತು ಬೀದಿ ನಾಯಿಗಾಗಿ ಬಾಯಿ ಬಿಟ್ಟು ಅತ್ತೆ. ನಾಯಿಗಾಗಿ ಎಂದರೆ ಅರ್ಧ ಸುಳ್ಳು. ಹರಿಯ ಮುಖ ಕಣ್ಣ ಮುಂದೆ ಬಂದಿತ್ತು.

ರಸೂಲಭಾಯಿ ನನ್ನ ಪಕ್ಕಕ್ಕೆ ಬಂದು ಕೂತರು. ಆಮೇಲೆ ಮೆತ್ತಗೆ ಹೇಳಿದರು. "ಇಲ್ಲೇ ಮಣ್ಣು ಮಾಡೋಣ್ರಿ. ಚಿತ್ತಾಪುರ ಗೇಟಿನ್ಯಾಗ ಹಗ್ಗ ಹರ್ಕೊಂಡು ಓಡಿ ಹೋತು ಅನ್ರಿ. ಅಕ್ಕೋರಿಗಿ ಜೀವ ಹಗುರ ಆಗ್ತದ. ಸುಳ್ಳಿನ ಪಾಪ ನನ್ನ ತಲಿ ಮ್ಯಾಲ ಇರ್ಲಿ, ನಾನೇ ಹೇಳ್ತೀನಿ."

ಹೂಂ ಅನ್ನಲು ಬಾಯಿ ತೆರೆದಿದ್ದೆ. ದೇವರಾಣೆಗೂ ತೆರೆದಿದ್ದೆ. ಆದರೆ ಓಡಿಹೋಯಿತೆಂದರೆ ಹರಿ ಹುಡುಕುತ್ತಾಳೆ. ರಜೆ ಹಾಕಿ ಚಿತ್ತಾಪುರಕ್ಕೆ ಬರುತ್ತಾಳೆ, ಗೇಟಿನ ಹತ್ತಿರ ನಿಂತು ಕರೆಯುತ್ತಾಳೆ, ಕೆಂಪು ನಾಯಿ ಕಂಡಲ್ಲೆಲ್ಲ ಬಸ್ಸಿಳಿಯುತ್ತಾಳೆ. ಸಾಯುವ ತನಕ ಕಾಯುತ್ತಾಳೆ. ಅಷ್ಟು ದೊಡ್ಡ ಶಿಕ್ಷೆ ಕೊಡುವ ಧೈರ್ಯ ನನಗೆ ಬರಲಿಲ್ಲ.

"ಬ್ಯಾಡ ರಸೂಲಭಾಯಿ. ಒಯ್ಯೋಣು."

ಎಲ್ಲ ಗೋಣಿ ಕಿತ್ತು ಒಗೆದೆ. ಧೋತರ ಬಿಚ್ಚಿ ಲಾಲ್ಯಾನಿಗೆ ಸುತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತೆ. ನಾಲ್ಕೂ ಗ್ಲಾಸು ಇಳಿಸಿದೆ. ಗಾಡಿ ಓಡಿದ ಹಾಗೆ ಗಾಳಿ ಹೊಕ್ಕು ಅದರ ಒದ್ದೆ ಕೂದಲು ಆರಿಸತೊಡಗಿತು. ಝಳವೇ ಹೌದು, ಆದರೂ ಗಾಳಿ. ಅಷ್ಟೇ ಸಾಕಾಗಿತ್ತು ಅದಕ್ಕೆ.

ಸೇಡಂನಲ್ಲಿ ನಮ್ಮ ಮನೆಯ ತಿರುವು ಬಂತು. ರಸೂಲಭಾಯಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬೇಡವೆಂದು ತಲೆ ಅಲ್ಲಾಡಿಸಿದೆ. ನಿಲ್ಲಿಸಲಿಲ್ಲ. ಅಲ್ಲಿಂದ ಚಿಂಚೋಳಿ ಮುಟ್ಟುವವರೆಗೂ ಹರಿಗೆ ಏನು ಹೇಳಬೇಕೆಂದು ಹತ್ತು ನಮೂನೆ ಜೋಡಿಸಿದೆ. ಒಂದೂ ನಿಲ್ಲಲಿಲ್ಲ.

ಮುಟ್ಟಿದಾಗ ಎರಡೂ ಮುಕ್ಕಾಲು. ಹರಿ ಅಂಗಳದ ಗೇಟಿನಲ್ಲೇ ನಿಂತಿದ್ದಳು. ಬಿಸಿಲಿಗೆ ಸೆರಗು ತಲೆಯ ಮೇಲೆ ಹಾಕಿಕೊಂಡಿದ್ದಳು. ಕಾರು ಕಂಡದ್ದೇ ನಕ್ಕಳು. ಒಂದು ವರ್ಷದ ಮೇಲೆ ಅವಳ ನಗು ನೋಡಿದ್ದು ನಾನು.

"ತಡಾ ಮಾಡಿದ್ಯಲ್ಲೋ ಅಣ್ಣಾ! ಎರಡು ಅಂದಿದ್ದಿ. ಎಲ್ಲಿ ಅದ ಅದು? ಲಾಲ್ಯಾ! ಏ ಲಾಲ್ಯಾ!"

ನಾನು ಇಳಿಯಲಿಲ್ಲ. ಅವಳೇ ಬಂದು ಬಾಗಿಲು ತೆಗೆದಳು, ಧೋತರದ ಗಂಟು ನೋಡಿದಳು, ಹೊರಗೆ ಬಂದಿದ್ದ ಬಾಲ ನೋಡಿದಳು. ನಗು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿಯಿತು, ಹೋಗಬೇಕೆಂದು ಅದಕ್ಕೆ ತಿಳಿಯದ ಹಾಗೆ.

"ಬಿಸಿಲಿಗಿ" ಅಂದೆ. "ನನ್ನ ಕೈಯಾಗೇ ಹೋತು ಹರಿ. ಗ್ಲಾಸು ಮುಚ್ಚಿದ್ದೆ. ತಂಪಿರ್ತದ ಅಂತ ತಿಳದೆ. ರಸೂಲಭಾಯಿ ಬ್ಯಾಡಂದ್ರು. ನಾ ಕೇಳಲಿಲ್ಲ."

ಅವಳು ಲಾಲ್ಯಾನನ್ನು ಕೆಳಗೆ ಇಳಿಸು ಎಂದು ಕೈ ಮಾಡಿದಳು. ರಸೂಲಭಾಯಿ ಎತ್ತಿ ಅಂಗಳದ ಕಟ್ಟೆಯ ಮೇಲೆ ಮಲಗಿಸಿದರು. ಅವಳು ಕೂತು ಅದರ ತಲೆ ತೊಡೆಯ ಮೇಲಿಟ್ಟುಕೊಂಡಳು. ಮುಂಗಾಲು ಎತ್ತಿ ಹರಿದ ಉಗುರು ನೋಡಿದಳು. ಒಂದೊಂದಾಗಿ ಎಲ್ಲ ಉಗುರು ನೋಡಿದಳು.

"ದಾರ್ಯಾಗ ಒದರ್ತೇನಣ್ಣಾ?"

ಇಲ್ಲ, ನಿದ್ದೆಯಲ್ಲೇ ಹೋಯಿತು ಎಂದಿದ್ದರೆ ಆಗುತ್ತಿತ್ತು. ರಸೂಲಭಾಯಿಯೂ ಹೌದು ಅನ್ನುತ್ತಿದ್ದರು, ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಉಗುರು ಅವಳ ಕೈಯಲ್ಲಿತ್ತು.

"ಒದರ್ತು" ಅಂದೆ. "ಭಾಳ ಒದರ್ತು. ಬಾಗಲಾ ಕೆರೀತು. ನಾ ಗದರಿಸಿ ಸುಮ್ಮನ ಮಾಡಿದೆ."

ಹರಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ತನ್ನ ಹಾಗೆಯೇ ಇನ್ನೊಬ್ಬ ಸಿಕ್ಕನೆಂಬಂತೆ, ಮರುಕದಿಂದ ನೋಡಿದಳು.

"ನೀನೂ ಕೇಳಲಿಲ್ಲೇನಣ್ಣಾ" ಅಂದಳು.

ಆಮೇಲೆ ತಲೆಯನ್ನು ಮೆಲ್ಲಗೆ ಕಟ್ಟೆಗೆ ಇಳಿಸಿ ಒಳಗೆ ಹೋದಳು. ಹಿತ್ತಾಳೆಯ ಗಂಗಾಳದಲ್ಲಿ ಹಾಲು ಅನ್ನ ತಂದಳು. ಬೆಳಿಗ್ಗೆಯೇ ಮಾಡಿಟ್ಟದ್ದು, ಮೇಲೆ ಕೆನೆ ಕಟ್ಟಿತ್ತು. ಮತ್ತೆ ತಲೆ ತೊಡೆಗೆ ತೆಗೆದುಕೊಂಡು, ಒಂದು ತುತ್ತು ಕಲೆಸಿ ಅದರ ಬಾಯಿಗಿಟ್ಟಳು.

"ಹರಿ, ಬ್ಯಾಡವಾ" ಎಂದು ಕೈ ಚಾಚಿದೆ. ರಸೂಲಭಾಯಿ ನನ್ನ ಮೊಣಕೈ ಹಿಡಿದುಕೊಂಡರು.

"ಬಿಡ್ರಿ ಮಾಸ್ತರ್ರೆ. ಉಣಸ್ಲಿ."

ತುತ್ತು ಬಾಯ ಪಕ್ಕದಿಂದ ಜಾರಿ ಕಟ್ಟೆಯ ಮೇಲೆ ಬಿತ್ತು. ಹರಿ ಸೆರಗಿನಿಂದ ಅದರ ಬಾಯಿ ಒರೆಸಿ, ಇನ್ನೊಂದು ತುತ್ತು ಕಲೆಸಿದಳು.